ಮೈಸೂರಿಗೆ ಬಂದ ಸಿಐಡಿ ಅಜ್ಜಿ

ಎಂಬತ್ತರ ದಶಕದ ಕೊನೆ. ನಾನು ರಾಣೆಬೆನ್ನೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಮುಂದೆ ಧಾರವಾಡದ ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಮಾಡಬೇಕೆಂಬ ಆಸೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಕಾಲೇಜಿನ ಹುಡುಗಿಯರೆಲ್ಲ ಮೈಸೂರಿಗೆ ಟ್ರಿಪ್ ಹೊರಟಾಗ ನನ್ನ ಜೊತೆಗೆ ಅಜ್ಜಿಯನ್ನೂ ಬಸ್ಸು ಹತ್ತಿಸಿದ. ಮನೆಯಿಂದ ದೂರ ಹೋದಾಗ ಹುಡುಗಿಯರು ಹೇಗಿರುತ್ತಾರೆಂದು ಅವಳು ನೋಡಿ ಬಂದು ಹೇಳಬೇಕು, ಅದರ ಮೇಲೆ ನನ್ನ ಧಾರವಾಡ. ಗೆಳತಿಯರು ಅಜ್ಜಿಗೆ ಸಿಐಡಿ ಎಂದು ಹೆಸರಿಟ್ಟು ನಕ್ಕರು. ನನಗೆ ನಗು ಬರಲಿಲ್ಲ.

ಅಜ್ಜಿ ಬ್ಯಾಡಗಿಯವಳು, ನಾಲಿಗೆಯೂ ಆ ಊರಿನದೇ. ಅರಮನೆಯ ಕಂಬಗಳನ್ನು ನೋಡಿ, ಇಷ್ಟರ ಧೂಳು ಹೊಡೆಯುವವರು ಯಾರೆಂದು ಕೇಳಿದಳು. ದರ್ಬಾರ್ ಹಾಲಿನಲ್ಲಿ ಒಂದು ಸುಗ್ಗಿಯ ಮೆಣಸಿನಕಾಯಿಯನ್ನು ಆರಾಮಾಗಿ ಒಣಹಾಕಬಹುದಂತೆ.

ಮಧ್ಯಾಹ್ನ ಚಿತ್ರಗಳ ಮ್ಯೂಸಿಯಂ. ಲಕ್ಷ್ಮಿ, ಸರಸ್ವತಿಯರ ಪಟಗಳಿಗೆ ಕೈಮುಗಿಯುತ್ತ ಅಜ್ಜಿ ಹಿಂದುಳಿದಳು. ಮುಂದಿನ ಕೋಣೆಗೆ ಕಾಲಿಟ್ಟ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಗೋಡೆ ತುಂಬ ಒಬ್ಬ ಹೆಂಗಸು, ಹೊಳೆಗೆ ಸ್ನಾನಕ್ಕಿಳಿದವಳು, ಸೊಂಟದ ಮೇಲೆ ಒಂದೆಳೆ ನೂಲಿಲ್ಲ. ಅಜ್ಜಿ ಇದನ್ನು ಕಂಡರೆ ನನ್ನ ಬಿ.ಎ. ಇಲ್ಲೇ ಮುಗಿಯಿತು. ನಾನು ಬಾಯಿ ಬಿಡುವ ಮೊದಲೇ ಗೆಳತಿಯರು ಓಡಿ ಪಟದ ಮುಂದೆ ಭುಜಕ್ಕೆ ಭುಜ ಹಚ್ಚಿ ನಿಂತರು. ಗಿಡ್ಡ ಇದ್ದವರು ತುದಿಗಾಲಲ್ಲಿ ನಿಂತರು. ಚಿತ್ರ ನೋಡುತ್ತಿದ್ದ ಗಂಡಸರು ಗೊಣಗಿದರು, ಒಬ್ಬಳೂ ಕದಲಲಿಲ್ಲ.

ಅಜ್ಜಿ ಬಂದಳು. ಗಂಡಸರನ್ನು ನೋಡಿದಳು, ಹುಡುಗಿಯರ ತಲೆಗಳ ಮೇಲೆ ಇನ್ನೂ ಕಾಣುತ್ತಿದ್ದ ಬರಿಯ ಭುಜಗಳನ್ನು ನೋಡಿದಳು. ಚೀಲದಿಂದ ಚಾಮುಂಡಿಗೆ ಉಡಿ ತುಂಬಲು ತಂದಿದ್ದ ಹಸಿರು ರವಿಕೆ ಖಣ ತೆಗೆದು ಕಾವಲುಗಾರನ ಕೈಗಿಟ್ಟಳು.

"ಈಕಿಗೊಂದು ಕುಬಸಾ ಹೊಲಿಸ್ರಿ. ಚಾಮುಂಡವ್ವಗ ನಾ ಹೇಳ್ಕೋತೀನಿ."

ಆತ ಖಣ ಹಿಡಿದುಕೊಂಡು, ನಮ್ಮನ್ನು ಕರೆತಂದಿದ್ದ ಮೇಡಂ ಮುಖ ನೋಡಿದ. ಮೇಡಂ ಛಾವಣಿ ನೋಡಿದರು.

ವಾಪಸು ಬಸ್ಸಿನಲ್ಲಿ ಅಜ್ಜಿ ಸೆರಗು ಹೊದ್ದು ಮಲಗಿಬಿಟ್ಟಳು. ಧಾರವಾಡ ಕೈತಪ್ಪಿತೆಂದು ನಾನು ಕಿಟಕಿಗೆ ಮುಖ ಹಚ್ಚಿ ಅತ್ತೆ. ಮನೆಗೆ ಬಂದೊಡನೆ ಅಪ್ಪ, ಹುಡುಗಿಯರು ಹೇಗೆ ಎಂದು ಕೇಳಿದ.

"ಯಾರೋ ಒಬ್ಬಾಕಿ, ಮೈಮ್ಯಾಲ ಕುಬಸಿಲ್ಲ, ಗುರುತಿಲ್ಲ, ಪರಿಚಯಿಲ್ಲ. ಗಂಡಸರು ನೋಡಾಕತ್ತಾರ ಅಂತ ಆಕಿ ಮುಂದ ಎಲ್ಲಾರೂ ಅಡ್ಡ ನಿಂತ್ರು ನೋಡಪಾ. ಇಂಥವರ ನಡುವ ನಮ್ಮ ಹುಡುಗಿಗೆ ಏನಾಗತೈತಿ? ಕಳಿಸು ಧಾರವಾಡಕ್ಕ."

ಅಪ್ಪನ ಕಣ್ಣು ತೇವವಾದವು. ಆ ಹೆಂಗಸು ಪಟದಲ್ಲಿದ್ದವಳು ಎಂದು ಅಜ್ಜಿ ಹೇಳಲಿಲ್ಲ, ನಾನೂ ಹೇಳಲಿಲ್ಲ.