ಪಾಪಮ್ಮನ ಬಾಯಿ ಸುಟ್ಟ ಸುಣ್ಣ

ಟಿ. ನರಸೀಪುರದಾಚೆ ಹೊಳೆದಂಡೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಶಿವನಂಜಮ್ಮ ಸುಣ್ಣ ಸುಡುವ ಗೂಡಿನ ಬೂದಿ ಕೆದಕುತ್ತಿದ್ದಾರೆ. ಇದ್ದಿಲಿನಲ್ಲಿ ಬೆಂದ ಕಪ್ಪೆಚಿಪ್ಪುಗಳನ್ನು ಆರಿಸಿ, ಮಡಕೆಗೆ ಹಾಕಿ, ನೀರು ಚಿಮುಕಿಸುತ್ತಾರೆ. ಚಿಪ್ಪು ಬುಸುಗುಟ್ಟಿ ಅರಳಿ ಹಿಟ್ಟಾಗುತ್ತದೆ. ನನ್ನ ಕ್ಯಾಮೆರಾ ಕಂಡದ್ದೇ ಮಡಕೆಗೆ ಗೋಣಿ ಮುಚ್ಚುತ್ತಾರೆ.

"ಯಾವ ಆಫೀಸ್ನೋರು ಸಾ? ಯಾರ್ ಕಂಪ್ಲೇಂಟ್ ಕೊಟ್ಟವ್ರೆ?"

ಪತ್ರಿಕೆಯವನು ಎಂದರೂ ನಂಬಿಕೆಯಿಲ್ಲ. ಅವರ ಅನುಮಾನಕ್ಕೆ ಕಾರಣವಿದೆ.

ಇದು ಅತ್ತೆ ಮರಿತಾಯಮ್ಮ ಕಲಿಸಿದ ಕಸುಬು. "ಗ್ವಾಡೆಗೂ ನಮ್ ಸುಣ್ಣನೇ, ಎಲೆ ಅಡ್ಕೆಗೂ ನಮ್ದೇ. ದನದ ಕಾಲು ಉಳುಕಿದ್ರೆ ಸುಣ್ಣ ಬೆಲ್ಲ ಕಲ್ಸಿ ಪಟ್ಟು ಆಕೋರು. ಆಲೆಮನೇಲಿ ಕಬ್ಬಿನಾಲು ತಿಳಿಯಾಗಕ್ಕೂ ಇದೇ ಬೇಕು." ಈಗ ಗೋಡೆಗಳಿಗೆ ಪೇಂಟ್ ಬಂದಿದೆ. ಉಳಿದಿರುವುದು ಎಲೆ ಅಡಿಕೆಯ ಗಿರಾಕಿಗಳು ಮಾತ್ರ.

ಕಳೆದ ವರ್ಷ ಎಲೆ ಅಡಿಕೆ ಹಾಕಿಕೊಂಡ ಪಕ್ಕದ ಬೀದಿಯ ಪಾಪಮ್ಮನ ಬಾಯಿ ಸುಟ್ಟು ಬೊಬ್ಬೆ ಎದ್ದಿತು. ಅವರಿಗೆ ಸುಣ್ಣ ಕೊಟ್ಟಿದ್ದ ಎಲೆ ಅಂಗಡಿಯ ಶಿವಮೂರ್ತಿ, "ಶಿವನಂಜಮ್ಮ ಕೊಟ್ಟ ಸುಣ್ಣ" ಎಂದುಬಿಟ್ಟರು. ಊರು ಅದನ್ನೇ ನಂಬಿತು. ನಲ್ಲಿಯ ಬಳಿ ಇವರು ಬಂದರೆ ಮಾತು ನಿಲ್ಲುತ್ತಿತ್ತು. ಬೇಕೆಂದೇ ಏನೋ ಬೆರೆಸಿದ್ದಾಳೆ ಎಂದೂ ಕೆಲವರು ಅಂದರು.

"ನನ್ ಮ್ಯಾಲೆ ನಂಗೇ ಅನ್ಮಾನ ಬಂತು ಸಾ. ಸರಿಯಾಗಿ ಅರಳಿರಲಿಲ್ವೇನೋ ಅಂತ. ಮನೇಲಿದ್ದ ಸುಣ್ಣ ಆಕೊಂಡ್ ನೋಡ್ದೆ, ಏನೂ ಆಗ್ಲಿಲ್ಲ. ಆಮ್ಯಾಕೆ ಅಂಗ್ಡಿಗ್ ಓಗಿ ಅವ್ರ ಡಬ್ಬಿದೇ ಎಲೆಗೆ ಸವರ್ಕೊಂಡು ಅಗಿದೆ. ನನ್ ತುಟೀನೂ ಸುಟ್ತು."

ಅಲ್ಲೇ ನಿಂತು ಕೇಳಿದಾಗ ಶಿವಮೂರ್ತಿ ತಲೆ ತಗ್ಗಿಸಿದರು. "ನೀನ್ ತಂದಿದ್ದು ಮುಗ್ದಿತ್ತು ಕಣಕ್ಕ. ಗೋಡೆಗ್ ಬಳಿಯೋ ಪುಡಿ ಒಸಿ ಬೆರೆಸ್ದೆ. ಯಾರ್ಗೂ ಯೋಳ್ಬೇಡ."

ಶಿವನಂಜಮ್ಮ ಸುಟ್ಟ ತುಟಿಯಲ್ಲೇ ಪಾಪಮ್ಮನ ಮನೆಗೆ ಹೋಗಿ ಹೇಳಿದರು. ಪಾಪಮ್ಮ, "ಸುಟ್ಟಿದ್ದು ನಿನ್ ಸುಣ್ಣನೋ ಅವ್ನ್ ಪುಡಿನೋ ಯಾರ್ ಕಂಡವ್ರೆ" ಎಂದು ಬಾಗಿಲು ಹಾಕಿಕೊಂಡರು.

ಅಂದಿನಿಂದ ಅಂಗಡಿಗೆ ಕೊಡುವುದಿಲ್ಲ. ಸಂತೆಯಲ್ಲಿ ತಾವೇ ಕೂರುತ್ತಾರೆ. ಗಿರಾಕಿಗಳು ಸುಣ್ಣ ನೋಡುವ ಮೊದಲು ಇವರ ಮುಖ ನೋಡುತ್ತಾರೆ. ಇವರೂ ಸುಮ್ಮನಿರುವುದಿಲ್ಲ, ತಾವೇ ಒಂದೆಲೆ ಅಗಿದು ತೋರಿಸಿ ಆಮೇಲೆ ಕಟ್ಟಿಕೊಡುತ್ತಾರೆ.

ಹೋದ ತಿಂಗಳು ಪಾಪಮ್ಮ ಬಂದಿದ್ದರಂತೆ. ಮೊಮ್ಮಗುವಿನ ನಾಮಕರಣ, ಅರಿಸಿನದ ನೀರಿಗೆ ಸುಣ್ಣ ಬೆರೆಸಿ ಕೆಂಪಗೆ ಮಾಡಿ ಆರತಿ ಎತ್ತಬೇಕಿತ್ತು.

"ಆರ್ತಿಗ್ ಮಾತ್ರ ಕಣಮ್ಮೀ, ಬಾಯ್ಗಲ್ಲ ಅಂದ್ಲು," ಎಂದು ಶಿವನಂಜಮ್ಮ ಮೊದಲ ಬಾರಿ ನಗುತ್ತಾರೆ. "ಕೊಟ್ಟೆ. ನನ್ ಸುಣ್ಣನ ಕೂಸಿನ್ ಮುಂದಕ್ ತಂದವ್ಳೆ, ಒಂದಿನ ಬಾಯ್ಗೂ ಕೇಳ್ತಾಳೆ. ನಂಗೇನ್ ಅವ್ಸರ ಇಲ್ಲ ಸಾ."