ಸಾಯೋ ಪಾರ್ಟು

ಆ ಭಾನುವಾರ ಉಪ್ಪಾರಹಳ್ಳಿಯ ಶಾಲೆಯ ಜಗಲಿಯ ಮೇಲೆ ಬಟ್ಟೆ ಅಂಗಡಿಯವರ ಹುಡುಗ ಸತ್ತು ಮಲಗಿದ್ದ. ಅವನಿಗೆ ನಮ್ಮ ಅಪ್ಪನ ಬಿಳಿ ಪಂಚೆ ಹೊದಿಸಿತ್ತು. ತಾಯಿಯ ಪಾರ್ಟಿನ ಹುಡುಗಿ ಅವನ ಮೇಲೆ ಬಿದ್ದು ಅಳಬೇಕು. ಅವಳ ಜಡೆ ಕುತ್ತಿಗೆಗೆ ತಾಗಿದಾಗಲೆಲ್ಲ ಹೆಣದ ಕಾಲ್ಬೆರಳು ಆಡುತ್ತಿದ್ದವು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

"ಲೋ, ಸತ್ತೋರ್ಗೆ ಕಚಗುಳಿ ಆಗಲ್ಲ ಕಣೋ" ಅಂದಳು ಅಕ್ಕ. ದೃಶ್ಯ ಮುಗಿದ ಮೇಲೆ ಪಂಚೆ ಎಳೆದು, "ಏಳ್ಲಾ, ಸತ್ತಿದ್ದು ಸಾಕು" ಎಂದು ಅವನ ಬಾಯಿಗೆ ಬೆಲ್ಲದ ಚೂರು ಹಾಕಿದಳು. ಸತ್ತವನ ಬಾಯಿ ಸಿಹಿ ಮಾಡದೆ ಮನೆಗೆ ಕಳಿಸಬಾರದು ಎಂಬುದು ಅವಳೇ ಮಾಡಿಕೊಂಡ ನೇಮ.

ಅಕ್ಕ ಆ ಶಾಲೆಯಲ್ಲಿ ಟೀಚರ್. ಮದುವೆಯಾಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನಾವು ಕುಣಿಗಲ್‌ನಲ್ಲಿದ್ದಾಗ ನಮ್ಮ ತಮ್ಮ ಕೆರೆಗೆ ಈಜಲು ಹೋಗಿ ಮುಳುಗಿದ್ದ. ಅಮ್ಮನ ಎದೆ ಒಡೆದೀತು, ಯಾರೂ ಗಟ್ಟಿಯಾಗಿ ಅಳಬೇಡಿ ಎಂದರು ಅಪ್ಪ. ನಾವು ಅಳಲಿಲ್ಲ. ಆಮೇಲೆ ಮನೆಯಲ್ಲಿ ಅವನ ಮಾತೇ ನಿಂತುಹೋಯಿತು. ಎಷ್ಟೋ ವರ್ಷಗಳ ಮೇಲೆ ಅಕ್ಕ ಅದನ್ನು ಮಕ್ಕಳ ನಾಟಕ ಮಾಡಿದಳು. ಒಂದು ಕೆರೆ, ಒಬ್ಬ ಹುಡುಗ, ಕೊನೆಯಲ್ಲಿ ತಾಯಿ ಬಾಯಿಬಿಟ್ಟು ಅಳುವುದು.

"ಆ ತಾಯಿ ಒಂದ್ಸಲ ಜನದ ಮುಂದೆ ಅತ್ತುಬಿಡ್ಲಿ ಕಣೇ, ಅಷ್ಟೇ" ಎಂದಿದ್ದಳು ನನ್ನ ಹತ್ತಿರ.

ನಾಟಕವನ್ನು ಗುಬ್ಬಿಯಲ್ಲಿ ಆಡುವುದೆಂದು ನಿಶ್ಚಯವಾಗಿತ್ತು. ಅದು ನಾಟಕ ಕಂಡ ಊರು. ಅಳುವ ದೃಶ್ಯಕ್ಕೆ ಅಲ್ಲಿಯವರು ನಗುವುದಿಲ್ಲ ಎಂಬ ನಂಬಿಕೆ ಅವಳಿಗೆ.

ಹುಡುಗ ಮನೆಗೆ ಹೋಗಿ ಎಲ್ಲವನ್ನೂ ಹೆಮ್ಮೆಯಿಂದ ಹೇಳಿಕೊಂಡಿದ್ದ. ಮುಂದಿನ ಭಾನುವಾರ ಅವನ ಅಪ್ಪ ಅಮ್ಮ ಬಂದರು. ಅವರ ಹಿಂದೆಯೇ ಉಳಿದ ಮಕ್ಕಳ ಮನೆಯವರೂ ಬಂದರು.

"ಬದುಕಿರೋ ಮಗೀನ ದಕ್ಷಿಣಕ್ಕೆ ತಲೆ ಹಾಕಿ ಮಲಗ್ಸಿದೀರಲ್ಲ ಮೇಡಂ, ಕೈ ಹೆಂಗ್ ಬಂತು?" ಎಂದಳು ಆ ತಾಯಿ.

ಹೆಣವನ್ನು ಹೇಗೆ ಮಲಗಿಸುತ್ತಾರೋ ಅಕ್ಕ ಹಾಗೆ ಮಲಗಿಸಿದ್ದಳು. ಬೇರೆ ಯೋಚನೆ ಅವಳಿಗೆ ಬಂದಿರಲಿಲ್ಲ.

"ಪೂರ್ವಕ್ಕೆ ತಿರುಗಿಸ್ತೀನಮ್ಮ. ಗುಬ್ಬಿ ಕಡೆ ನಾಟಕದೋರು ದಿನಾ ಸಾಯ್ತಿದ್ರು, ದಿನಾ ಎದ್ದು ಊಟ ಮಾಡ್ತಿದ್ರು."

"ಅವ್ರು ಕಂಪನಿಯೋರು, ಹೊಟ್ಟೆಪಾಡು. ನಮ್ ಮಗೀಗೇನ್ ಬಂದದೆ? ಹೆತ್ತಿದ್ರೆ ಗೊತ್ತಾಗೋದು ಬುಡಿ ನಿಮ್ಗೆ."

ಒಬ್ಬರೂ ಆಕೆಗೆ ಸುಮ್ಮನಿರು ಎನ್ನಲಿಲ್ಲ. ಅದನ್ನು ನಾನು ಕ್ಷಮಿಸಿಲ್ಲ.

ಹುಡುಗ ಸಾಯದಿದ್ದರೆ ನಾಟಕವೇ ಇಲ್ಲ ಎಂದಳು ಅಕ್ಕ. ಹುಡುಗನ ಅಪ್ಪ ನಕ್ಕ. "ಯಾಕಿಲ್ಲ? ದೇವ್ರು ಬಂದು ನೀರಿಂದ ಎತ್ಕೊಂಡು ಉಳಿಸ್ಲಿ. ದೇವ್ರ ಪಾರ್ಟ್ ನಾನೇ ಮಾಡ್ತೀನಿ, ಕಿರೀಟ ಡ್ರೆಸ್ಸು ಎಲ್ಲಾ ನಮ್ದೇ. ಆಗಲ್ಲ ಅಂದ್ರೆ ನಮ್ ಮಕ್ಳು ಯಾರೂ ಬರಲ್ಲ."

ಮಕ್ಕಳು ಅವಳ ಮುಖವನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿ ಗುಬ್ಬಿಗೆ ಹೋಗುವ ಆಸೆ ಅವರಿಗೆ. ಅಕ್ಕ ಆಗಲಿ ಎಂದಳು.

ಅಲ್ಲಿಂದಾಚೆಗೆ ಜಗಲಿಯೆಲ್ಲ ಮಕ್ಕಳ ಮನೆಯವರದೇ. ಅವಲಕ್ಕಿ ತಂದು ತಿನ್ನುತ್ತ, ಯಾರ ಮಗು ಮುಂದೆ ನಿಲ್ಲಬೇಕೆಂದು ಜಗಳವಾಡಿದರು. ತಾಯಿಯ ಪಾರ್ಟಿನ ಹುಡುಗಿಯ ಅಮ್ಮ, "ಮಗ ಸಾಯ್ದಿದ್ರೆ ನಮ್ಮುಡ್ಗಿ ಏನ್ ಮಾಡ್ಬೇಕು? ಒಂದ್ ಡ್ಯಾನ್ಸ್ ಹಾಕ್ಸಿ" ಎಂದಳು. ಅದೂ ಆಯಿತು.

ಗುಬ್ಬಿಯಲ್ಲಿ ದೇವರು ಬಂದಾಗ ಕಿರೀಟ ಹುಬ್ಬಿನವರೆಗೆ ಜಾರಿತ್ತು. ಮಾತು ಮರೆತ ದೇವರು ಮಗನನ್ನು ಎತ್ತಿಕೊಂಡು ಸುಮ್ಮನೆ ನಿಂತ. "ಅಪ್ಪಾ, ಇಳ್ಸು, ಮಿಸ್ ನೋಡ್ತಾವ್ರೆ" ಎಂದು ಹುಡುಗ ಕೊಸರಾಡಿದ. ಜನ ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು. ಪರದೆಯ ಪಕ್ಕದಲ್ಲಿ ಅಕ್ಕ ಬೆಲ್ಲದ ಚೂರು ಹಿಡಿದು ನಿಂತಿದ್ದಳು. ಯಾರೂ ಸತ್ತಿರಲಿಲ್ಲ. ಮನೆಗೆ ಬಂದು ಅದನ್ನು ಮತ್ತೆ ಡಬ್ಬಿಗೆ ಹಾಕಿದಳು. ಅವಳು ಮತ್ತೆ ನಾಟಕ ಮಾಡಿಸಲಿಲ್ಲ.

ಅಕ್ಕ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವಳನ್ನು ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದಾಗ ಆ ಬಟ್ಟೆ ಅಂಗಡಿಯವನು ಹಾರ ಹಿಡಿದು ಬಂದ. ಮುದುಕನಾಗಿದ್ದ.

"ಎಂಥಾ ನಾಟಕ ಆಡ್ಸುದ್ರು ನಿಮ್ಮಕ್ಕ! ನಾನೇ ದೇವ್ರಾಗಿದ್ದೆ, ಗ್ಯಾಪ್ಕ ಐತಾ? ಏನ್ ಚಪ್ಪಾಳೆ ಅಂತೀರಿ!"

"ಹಾರ ಅಲ್ಲಿಟ್ಟು ಹೋಗಿ" ಎಂದೆ.

ಅವನು ಹೋದ ಮೇಲೆ ನಾನು ಅಕ್ಕನಿಗಾಗಿ ಬಾಯಿಬಿಟ್ಟು ಅತ್ತೆ. ಬೀದಿಯವರಿಗೆಲ್ಲ ಕೇಳಿಸಿತಂತೆ. ತಮ್ಮನಿಗಾಗಿ ಗಟ್ಟಿಯಾಗಿ ಯಾರೂ ಇನ್ನೂ ಅತ್ತಿಲ್ಲ.