ಕೆಂಪು ನಲ್ಲಿಯ ತಣ್ಣೀರು

ದುಬೈಯಲ್ಲಿ ಬೇಸಿಗೆ ಬಂತೆಂದು ನಮಗೆ ಮೊದಲು ತಿಳಿಯುವುದು ನಲ್ಲಿಯಿಂದ. ಕಟ್ಟಡದ ತಾರಸಿಯ ಮೇಲಿನ ಟ್ಯಾಂಕಿ ಹಗಲಿಡೀ ಬಿಸಿಲಿಗೆ ಕಾಯುತ್ತದೆ. ನೀಲಿ ಗುಂಡಿಯ ನಲ್ಲಿ ತಿರುಗಿಸಿದರೆ ಕೈ ಇಡಲಾಗದಷ್ಟು ಬಿಸಿ ನೀರು ಬರುತ್ತದೆ. ಆಗ ನಾವು ಗೀಸರಿನ ಸ್ವಿಚ್ ಆರಿಸಿಬಿಡುತ್ತೇವೆ. ಬಚ್ಚಲಿನ ಸೀಲಿಂಗಿನ ಒಳಗೆ, ಏಸಿಯ ತಂಪಿನಲ್ಲಿ, ಗೀಸರಿನೊಳಗೆ ನಿಂತ ನೀರು ನಿಧಾನವಾಗಿ ಆರುತ್ತದೆ. ಆ ನೀರು ಬರುವುದು ಕೆಂಪು ಗುಂಡಿಯ ನಲ್ಲಿಯಲ್ಲಿ. ಮೇ ತಿಂಗಳಿಂದ ಹೆಚ್ಚುಕಡಿಮೆ ಅಕ್ಟೋಬರ್ ತನಕ ನಮಗೆ ಕೆಂಪೆಂದರೆ ತಣ್ಣೀರು, ನೀಲಿಯೆಂದರೆ ಬಿಸಿನೀರು. ಮುರಕ್ಕಬಾತಿನ ನಮ್ಮ ಕಟ್ಟಡದಲ್ಲಿ ಎಲ್ಲ ಮನೆಗಳಲ್ಲೂ ಹೀಗೆಯೇ. ಹೊಸದಾಗಿ ಬಂದವರಿಗೆ ಹೇಳಿಕೊಡಬೇಕಾಗುತ್ತದೆ. ನಮಗೆ ಕೈಗೇ ಗೊತ್ತು.

ನನ್ನ ಯಜಮಾನರು ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ನಲ್ಲಿ, ಶವರ್, ವಾಶ್‌ಬೇಸಿನ್ ಇಂಥವುಗಳ ಗೋದಾಮು. ಬಂದ ಹೊಸತರಲ್ಲಿ ಅದರ ಹಿಂದಿನ ಕೆಲಸಗಾರರ ಕ್ಯಾಂಪಿನಲ್ಲೇ ಇದ್ದರು, ಬಕೆಟ್ ಹಿಡಿದು ಸಾಲಿನಲ್ಲಿ ನಿಂತು ಸ್ನಾನ ಮಾಡುತ್ತಿದ್ದರಂತೆ. ಆಮೇಲೆ ಮದುವೆ, ಮನೆ, ಮಗಳು ಎಲ್ಲ ಆದರೂ ಸ್ನಾನ ಬಕೆಟ್ ಮತ್ತು ಮಗ್ಗಿನಲ್ಲೇ ಉಳಿಯಿತು. ಸಾಲು ಮಾತ್ರ ಹೋಯಿತು.

ಸಕ್ಕರೆ ಕಾಯಿಲೆಯಿಂದ ಅವರ ಪಾದಗಳು ಕೆಲವು ವರ್ಷಗಳಿಂದ ಮರಗಟ್ಟಿವೆ. ಮೊದಲು ಜೋಮು ಹಿಡಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು, ಬರಬರುತ್ತ ಅದನ್ನೂ ಹೇಳುವುದು ಬಿಟ್ಟರು. ಒಮ್ಮೆ ಗೋದಾಮಿನ ಒಂದು ಸಣ್ಣ ಸ್ಕ್ರೂ ಶೂ ಒಳಗೆ ಸೇರಿಕೊಂಡು, ಅದರ ಮೇಲೆಯೇ ಇಡೀ ದಿನ ನಡೆದು ಮನೆಗೆ ಬಂದರು. ಸಾಕ್ಸ್ ತೆಗೆಯುವಾಗ ಕಂಡದ್ದು ನನಗೆ, ಅವರಿಗಲ್ಲ. ಆ ಗಾಯ ಮಾಗಲಿಲ್ಲ. ಎಡಗಾಲಿನ ಒಂದು ಬೆರಳು ತೆಗೆಯಬೇಕಾಯಿತು. ಇನ್ನೊಂದು ಗಾಯವಾದರೆ ಬೆರಳಿಗೇ ನಿಲ್ಲುವುದಿಲ್ಲ, ಪಾದಕ್ಕೆ ಬರುತ್ತದೆ ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿದರು. ನಾನು ತಲೆಯಾಡಿಸಿ ಔಷಧಿಯ ಚೀಲ ತೆಗೆದುಕೊಂಡೆ. ಮನೆಗೆ ಬಂದು ಕುಕ್ಕರ್ ಇಟ್ಟೆ. ಅಳು ಬರಬಹುದೆಂದು ಕಾದೆ. ಬರಲಿಲ್ಲ, ಕುಕ್ಕರ್ ಕೂಗಿತು.

ಅಂದಿನಿಂದ ಅವರ ಸ್ನಾನದ ನೀರು ನೋಡುವುದು ನನ್ನ ಕೆಲಸ. ಬಕೆಟ್ ತುಂಬಿಸಿ, ಮೊಣಕೈ ಅದ್ದಿ, ಸರಿ ಉಂಟು ಎಂದ ಮೇಲೆಯೇ ಅವರು ಒಳಗೆ ಹೋಗುವುದು. ಬೆಳಿಗ್ಗೆ ದೋಸೆ ಹುಯ್ಯುವುದರ ನಡುವೆ ಅದೂ ಒಂದು.

ಜಪಾನಿಗೆ ಹೋಗುವ ವಿಷಯ ಬಂದದ್ದು ಗೋದಾಮಿನ ಗೋಡೆಯ ಹಳೆಯ ಕ್ಯಾಲೆಂಡರಿನಿಂದ. ಅದರಲ್ಲಿ ಹಿಮ ಬೀಳುವಾಗ ಬಿಸಿನೀರಿನ ಹೊಂಡದಲ್ಲಿ ಕೂತ ಮಂಗಗಳ ಚಿತ್ರವಿತ್ತಂತೆ. ವರ್ಷ ಮುಗಿದರೂ ಅವರು ಅದನ್ನು ತೆಗೆಯಲು ಬಿಟ್ಟಿರಲಿಲ್ಲ. ಅಬುಧಾಬಿಯ ಖಾಲಿದಿಯಾದಲ್ಲಿ ಕೆಲಸಕ್ಕಿರುವ ಮಗಳು ಒಂದು ಶುಕ್ರವಾರ ಮನೆಗೆ ಬಂದಾಗ, ಪಪ್ಪನಿಗೆ ಎಲ್ಲಿಗೆ ಹೋಗಬೇಕು ಎಂದು ಸುಮ್ಮನೆ ಕೇಳಿದಳು.

"ಮಂಗ ಕೂಡ ಕುತ್ತಿಗೆ ತನಕ ನೀರಲ್ಲಿ ಕೂತ್ಕೊಳ್ತದೆ" ಎಂದರು ಅವರು. "ಈ ಊರಿಗೆ ಬಂದ ಮೇಲೆ ನಾನು ಮೈಮೇಲೆ ನೀರು ಹೊಯ್ಕೊಂಡದ್ದೇ. ನೀರಲ್ಲಿ ಕೂತದ್ದಿಲ್ಲ."

ಮಗಳು "ಓಕೆ, ಡನ್" ಎಂದಳು. ಅವಳ ಉತ್ತರಗಳೆಲ್ಲ ಇಂಗ್ಲಿಷಿನಲ್ಲೇ ಮುಗಿಯುತ್ತವೆ.

ಡಾಕ್ಟರಮ್ಮನನ್ನು ಕೇಳಿದೆವು. ಸ್ವಲ್ಪ ಹೊತ್ತು ಕೂರಬಹುದು, ಪಾದ ಮಾತ್ರ ಬಿಸಿನೀರಿಗೆ ಇಳಿಯಕೂಡದು, ಹೆಂಡತಿ ನೀರು ನೋಡಲಿ ಎಂದರು. ಹೊಂಡದ ಅಂಚಿನ ಮೇಲೆ ಕಾಲು ಚಾಚಿ ಎಮ್ಮೆಯ ಹಾಗೆ ಬಿದ್ದುಕೊಳ್ಳುತ್ತೇನೆ ಎಂದು ಇವರು ಅಲ್ಲಿಯೇ ಮಾತು ಕೊಟ್ಟರು. ಗಂಡಸರ ಸ್ನಾನ ಬೇರೆ, ಹೆಂಗಸರದು ಬೇರೆ ಎಂದು ನಮಗೆ ಗೊತ್ತಿತ್ತು. ನೀರು ನೋಡುವವಳು ಗೋಡೆಯ ಆಚೆ ಇರುತ್ತಾಳೆ ಎನ್ನುವುದು ಮಾತ್ರ ಯಾಕೋ ಹೊಳೆಯಲಿಲ್ಲ.

ಸೆಪ್ಟೆಂಬರ್ ಕೊನೆಗೆ ನಾವಿಬ್ಬರೇ ಹೊರಟೆವು. ದುಬೈಯಲ್ಲಿ ಇನ್ನೂ ಸೆಕೆ ಇತ್ತು, ಗೀಸರ್ ಆರಿಯೇ ಇತ್ತು. ಜಪಾನಿನಲ್ಲಿ ಬಸ್ಸು ನಮ್ಮನ್ನು ಇಳಿಸಿದ ಬೆಟ್ಟದ ಊರಿನಲ್ಲಿ ಚಳಿ ಶುರುವಾಗಿತ್ತು. ಊರಿನ ನಡುವೆ ಹರಿಯುವ ಒಂದು ತೋಡು, ಅದರ ಮೇಲೆಲ್ಲ ಹಬೆ. ಗಾಳಿಯಲ್ಲಿ ಬೇಯಿಸಿದ ಮೊಟ್ಟೆಯ ವಾಸನೆ. ರಸ್ತೆಯಲ್ಲಿ ಜನ ಹತ್ತಿಯ ನಿಲುವಂಗಿ ಸುತ್ತಿಕೊಂಡು, ಮರದ ಚಪ್ಪಲಿ ಟಕಟಕ ಮಾಡುತ್ತ, ಕೈಯಲ್ಲಿ ಸಣ್ಣ ಟವೆಲ್ ಹಿಡಿದು ಒಂದು ಸ್ನಾನದ ಮನೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ನಾವು ಊಟವಾದ ಮೇಲೆ ಮುರಕ್ಕಬಾತಿನಲ್ಲಿ ಒಂದು ಸುತ್ತು ನಡೆಯುತ್ತೇವಲ್ಲ, ಅಷ್ಟೇ ಸಲೀಸು.

ಮೊದಲ ದಿನ ರಸ್ತೆ ಬದಿಯಲ್ಲಿ ಕಾಲು ನೆನೆಸುವ ತೊಟ್ಟಿ ಸಿಕ್ಕಿತು. ಮೇಲೆ ಹೆಂಚಿನ ಮಾಡು, ಸುತ್ತ ಹಲಗೆಯ ಬೆಂಚು, ಯಾರು ಬೇಕಾದರೂ ಕೂರಬಹುದು. ನಾನು ಮೊಣಕೈ ಅದ್ದಿ ನೋಡಿದೆ. ಆಗುವುದಿಲ್ಲ ಎಂದೆ. ಅವರು ಸಾಕ್ಸ್, ಶೂ ಹಾಕಿಕೊಂಡೇ ನನ್ನ ಪಕ್ಕದಲ್ಲಿ ಕೂತು, ನನಗೆ ಕಾಲು ಇಳಿಬಿಡಲು ಹೇಳಿದರು. ಬಿಟ್ಟೆ.

"ಹೇಗುಂಟು?" ಎಂದು ಕೇಳಿದರು.

"ಬಿಸಿ ಉಂಟು."

"ಅದು ನಂಗೂ ಗೊತ್ತುಂಟು, ಹೊಗೆ ಕಾಣ್ತದೆ. ಹೇಗುಂಟು ಅಂತ ಕೇಳಿದ್ದು."

ಬಿಸಿನೀರಿನಲ್ಲಿ ಕಾಲಿತ್ತು, ಅಷ್ಟೇ. ಅವರ ಮಾತ್ರೆಯ ಹೊತ್ತಾಯಿತಲ್ಲ ಎಂದು ಯೋಚಿಸುತ್ತಿದ್ದೆ.

ಮರುದಿನ ಮಧ್ಯಾಹ್ನ ನಾವಿಳಿದ ವಸತಿಗೃಹದ ಸ್ನಾನದ ಮನೆಗೆ ಹೋದೆವು. ಹಳೆಯ ಮರದ ಕಟ್ಟಡ. ಹೆಂಗಸರ ಬಾಗಿಲಿಗೆ ಕೆಂಪು ಪರದೆ, ಗಂಡಸರದಕ್ಕೆ ನೀಲಿ. ಪರದೆಯ ಮುಂದೆ ನಿಂತು ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಹೊಂಡಕ್ಕೆ ಇಳಿಯುವಾಗ ಕಂಬಿ ಹಿಡಿಯಿರಿ, ಪಾದ ಅಂಚಿನ ಮೇಲೆ ಇರಲಿ, ತಲೆ ಸುತ್ತಿದರೆ ಏಳಿ ಎಂದೆಲ್ಲ. ಅವರು ಪರದೆ ಎತ್ತಿ ಒಳಗೆ ಹೋದರು.

ನಾನು ನಮ್ಮ ಕಡೆಯ ಹೆಂಗಸರು ಕೆರೆಯಲ್ಲಿ ಮೀಯುವ ಹಾಗೆ ಲಂಗವನ್ನು ಎದೆಯ ಮೇಲಕ್ಕೆ ಕಟ್ಟಿಕೊಂಡು ಹೊರಟಿದ್ದೆ. ಅಲ್ಲಿ ಬುಟ್ಟಿ ಜೋಡಿಸುತ್ತಿದ್ದ ಹಿರಿಯ ಹೆಂಗಸು ನಗುತ್ತ ಬಂದು, ಲಂಗವನ್ನು ತೋರಿಸಿ ಕೈಯಾಡಿಸಿದಳು. ಬಟ್ಟೆ ನೀರಿಗೆ ಇಳಿಯಬಾರದು. ನಾಚಿಕೆಯಾಗುತ್ತದೆ ಎಂದು ದುಬೈಯಿಂದಲೇ ಹೆದರಿಕೊಂಡು ಬಂದಿದ್ದೆ. ಬಿಚ್ಚಿ ಬುಟ್ಟಿಗೆ ಹಾಕಿದಾಗ ಏನೂ ಅನಿಸಲಿಲ್ಲ. ಆಸ್ಪತ್ರೆಯಲ್ಲಿ ಕೂತ ಹಾಗೆ ಇತ್ತು.

ಹೊಂಡಕ್ಕೆ ಇಳಿಯುವ ಮೊದಲು ಮೈ ತೊಳೆಯಬೇಕು. ಗೋಡೆಯುದ್ದಕ್ಕೂ ಗಿಡ್ಡ ಸ್ಟೂಲು, ಮರದ ಬೋಗುಣಿ, ಪ್ರತಿಯೊಂದರ ಎದುರಿಗೆ ಒಂದು ಕೆಂಪು ಗುಂಡಿಯ ನಲ್ಲಿ, ಒಂದು ನೀಲಿ ಗುಂಡಿಯ ನಲ್ಲಿ. ನಾನು ಕೂತು, ತಣ್ಣೀರು ಬೇಕೆಂದು ಕೆಂಪು ಒತ್ತಿದೆ.

ಕೈ ಸುಟ್ಟಿತು. ಬೋಗುಣಿ ಬಿದ್ದು ಉರುಳಿತು. ಕೈಯನ್ನು ನೀಲಿಯ ಕೆಳಗೆ ಹಿಡಿದೆ, ಮಂಜಿನಂಥ ನೀರು ಬಂತು. ಇಲ್ಲಿ ನೀಲಿಯೆಂದರೆ ನೀಲಿಯೇ ಎಂದು ಮನಸ್ಸಿಗೆ ಬಂದದ್ದೇ, ಗೋಡೆಯ ಆಚೆ ಅವರೂ ಇದೇ ಥರ ಸ್ಟೂಲಿನ ಮೇಲೆ ಕೂತಿರಬೇಕು ಎನ್ನುವುದೂ ಬಂತು. ಹೊಂಡದ ಬಗ್ಗೆ ಎಲ್ಲ ಹೇಳಿದ್ದೆ. ನಲ್ಲಿಯ ಬಗ್ಗೆ ಒಂದು ಮಾತು ಹೇಳಿರಲಿಲ್ಲ. ನಲ್ಲಿಗಳ ನಡುವೆಯೇ ಆಯುಷ್ಯ ಕಳೆದ ಮನುಷ್ಯನಿಗೆ ಯಾರಾದರೂ ನಲ್ಲಿ ಹೇಳಿಕೊಡುತ್ತಾರೆಯೇ? ಕಾಲಿಗೆ ತಣ್ಣೀರೇ ಇರಲಿ ಎಂದು ಅವರು ಒತ್ತುವುದು ಕೆಂಪನ್ನೇ. ನನ್ನ ಕೈ ಕೂಗಿತು, ಅವರ ಪಾದ ಕೂಗುವುದಿಲ್ಲ.

ಗಂಡಸರಿಗೂ ಹೆಂಗಸರಿಗೂ ನಡುವಿನ ಗೋಡೆ ಮಾಡಿಗೆ ತಾಗಿರಲಿಲ್ಲ. ಮೇಲೆ ಸಂದು ಇತ್ತು, ಆಚೆಯ ನೀರಿನ ಸದ್ದು ಈಚೆಗೆ ಕೇಳುತ್ತಿತ್ತು. ನಾನು ನಿಂತು ಕರೆದೆ. "ಕೇಳ್ತದಾ?" ಮನೆಯಲ್ಲಿ ನಾನು ಅವರನ್ನು ಕರೆಯುವುದೇ ಹಾಗೆ, ಹೆಸರು ಹಿಡಿಯದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಹೊಂಡದಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಅಲ್ಲಿ ಯಾರೂ ಪಿಸುಮಾತಿಗಿಂತ ಜೋರಾಗಿ ಮಾತಾಡುತ್ತಿರಲಿಲ್ಲ. ಆಗ ಅವರ ಹೆಸರು ಹಿಡಿದು ಕರೆದೆ. ಮದುವೆಯಾದಂದಿನಿಂದ ವೀಸಾ ಆಫೀಸಿನಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ ಬಿಟ್ಟರೆ ಆ ಹೆಸರು ನನ್ನ ಬಾಯಿಂದ ಬಂದದ್ದಿಲ್ಲ.

ಆಚೆಯಿಂದ ಉತ್ತರ ಬಂತು. "ಎಂತ ಮಾರಾಯ್ತಿ?"

"ಕೆಂಪು ಒತ್ಬೇಡಿ. ಇಲ್ಲಿ ಕೆಂಪು ಬಿಸಿ."

ಆಚೆ ನೀರು ಸುರಿಯುವುದು ನಿಂತಿತು. "ಹೊಯ್ದಾಯ್ತಲ್ಲ" ಎಂದರು.

"ಬಿಸಿ ಇತ್ತಾ?"

"ನನ್ನನ್ನು ಕೇಳಿದ್ರೆ ಹೇಗೆ? ಕಾಲನ್ನು ಕೇಳು."

ಹೊರಗೆ ಬನ್ನಿ ಎಂದೆ. ಇಷ್ಟು ದೂರ ಬಂದು ಒಮ್ಮೆ ಕೂರದೆ ಹೇಗೆ ಬರಲಿ, ಈಗ ಬಂದೆ ಎಂದರು. ಆಚೆ ಯಾರೋ ಗಂಡಸರು ನಕ್ಕದ್ದು ಕೇಳಿತು. ನಾನು ಒದ್ದೆ ಮೈಯ ಮೇಲೆಯೇ ನಿಲುವಂಗಿ ಸುತ್ತಿಕೊಂಡು, ಬೋಗುಣಿಯಲ್ಲಿ ತಣ್ಣೀರು ಹಿಡಿದು ಹೊರಗೆ ಬಂದೆ. ನೀಲಿ ಪರದೆಯ ಮುಂದೆ ನಿಂತೆ. ಪರದೆ ಅಲುಗಿದಾಗಲೆಲ್ಲ ಬೇರೆ ಯಾರೋ ಬರುತ್ತಿದ್ದರು, ನನ್ನನ್ನು ಕಂಡು ತಲೆಬಾಗಿ ಹೋಗುತ್ತಿದ್ದರು.

ಕೊನೆಗೆ ಅವರು ಬಂದರು. ಮುಖ ಬೆಳಗಿದ ಹಿತ್ತಾಳೆಯ ಹಾಗಿತ್ತು. ಅಷ್ಟು ಖುಷಿಯಲ್ಲಿ ಅವರನ್ನು ನೋಡಿ ಬಹಳ ಕಾಲವಾಗಿತ್ತು. "ಕೂತೆ" ಎಂದರು. "ಕುತ್ತಿಗೆ ತನಕ. ಪಾದ ಮೇಲೆಯೇ ಇತ್ತು, ಆಣೆ."

ಬೆಂಚಿನ ಮೇಲೆ ಕೂರಿಸಿ ಕಾಲು ನೋಡಿದೆ. ಎಡಗಾಲು ಸರಿಯಿತ್ತು. ಬಲಗಾಲಿನ ಮೇಲ್ಭಾಗ, ಬೆರಳುಗಳ ಬುಡದ ತನಕ, ಬೇಯಿಸಿದ ಸಿಗಡಿಯ ಬಣ್ಣಕ್ಕೆ ತಿರುಗಿತ್ತು. ಬೋಗುಣಿಯಲ್ಲಿ ಇರಿಸಿದೆ. ಅವರು ಬಗ್ಗಿ ಅದನ್ನು ನೋಡಿದರು, ಪಕ್ಕದ ಮನೆಯವರ ಕಾಲು ನೋಡುವ ಹಾಗೆ. ಮುಖದ ಖುಷಿ ಒಮ್ಮೆಲೇ ಹೋಗಲಿಲ್ಲ, ನಿಧಾನವಾಗಿ ಇಳಿಯಿತು. ಬುಟ್ಟಿ ಜೋಡಿಸುತ್ತಿದ್ದ ಹೆಂಗಸು ಬಂದು ನೋಡಿ, ನೀರು ಬದಲಿಸುತ್ತ ನಮ್ಮ ಜೊತೆಯೇ ಕೂತಳು. ಸಂಜೆಗೆ ಗುಳ್ಳೆ ಎದ್ದಿತು. ಊರಿನ ಕ್ಲಿನಿಕ್ಕಿನಲ್ಲಿ ಮುಲಾಮು ಹಚ್ಚಿ ಕಟ್ಟಿದರು. ಮಗಳಿಗೆ ಫೋಟೊ ಕಳಿಸಿದೆವು. ಫೋನಿನಲ್ಲಿ "ಅಮ್ಮ, ಡೋಂಟ್ ಪ್ಯಾನಿಕ್" ಎಂದಳು. ನಾನು ಗಾಬರಿಯಾಗಿರಲಿಲ್ಲ. ರಾತ್ರಿಯ ಊಟಕ್ಕೆ ಬಂದ ಹತ್ತಾರು ಸಣ್ಣ ಬಟ್ಟಲುಗಳಲ್ಲಿ ಅವರು ಯಾವುದನ್ನು ತಿನ್ನಬಹುದು ಎಂದು ಆರಿಸುತ್ತಿದ್ದೆ.

ಮಾರನೆಯ ದಿನ ಅವರು ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಟೀವಿಯಲ್ಲಿ ದಡಿಯ ಪೈಲ್ವಾನರ ಕುಸ್ತಿ ನೋಡುತ್ತಿದ್ದರು. ನೀನಾದರೂ ಹೋಗಿ ಕೂತು ಬಾ ಎಂದು ಒತ್ತಾಯ ಮಾಡಿದರು. ಹೋದೆ. ಹೊರಗಿನ ಕಲ್ಲಿನ ಹೊಂಡದಲ್ಲಿ ಕುತ್ತಿಗೆ ತನಕ ಕೂತೆ. ಮೇಪಲ್ ಮರದ ಒಂದೆರಡು ಎಲೆ ಕೆಂಪಾಗಿತ್ತು. ಮೈ ಹಗುರಾಗುತ್ತದೆ, ಮನಸ್ಸು ಬಿಡಿಸಿಕೊಳ್ಳುತ್ತದೆ ಎಂದೆಲ್ಲ ಮಗಳು ಫೋನಿನಲ್ಲಿ ಓದಿ ಹೇಳಿದ್ದಳು. ನನಗೆ ಹಾಗೇನೂ ಆಗಲಿಲ್ಲ. ತಂದ ಬ್ಯಾಂಡೇಜ್ ಬಟ್ಟೆ ವಿಮಾನ ಹತ್ತುವ ತನಕ ಸಾಕಾಗುತ್ತದೆಯೇ ಎಂದು ಯೋಚಿಸುತ್ತಿದ್ದೆ. ಎದುರಿಗೆ ಕೂತ ಅಜ್ಜಿಯೊಬ್ಬಳು ನನ್ನ ಕೈಯನ್ನೇ ನೋಡುತ್ತಿರುವುದು ಆಮೇಲೆ ಗಮನಕ್ಕೆ ಬಂತು. ನನ್ನ ಬಲಗೈ ನೀರಿನೊಳಗೆ ಸುತ್ತು ತಿರುಗುತ್ತಿತ್ತು, ಬಕೆಟಿನಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸುವ ಹಾಗೆ. ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಶುರು ಮಾಡಿತು.

ದುಬೈಗೆ ಬಂದ ಮೇಲೆ ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪಾದ ಉಳಿಯುತ್ತದೆಯೇ ಎಂದು ಇವರು ಕೇಳಿದಾಗ, ನೋಡೋಣ ಎಂದರು. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ನಾನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ, ಕರೆದುಕೊಂಡು ಬಂದು, ಅನ್ನಕ್ಕೆ ಇಡುತ್ತಿದ್ದೆ. ಸೆಕೆ ಇಳಿಯಿತು. ಗೀಸರಿನ ಸ್ವಿಚ್ ಹಾಕುವ ದಿನಗಳು ಬಂದವು, ಕೆಂಪು ಮತ್ತೆ ಬಿಸಿಯಾಯಿತು. ಗಾಯದ ಅಂಚು ಒಳಕ್ಕೆ ಸರಿಯುತ್ತ ಸರಿಯುತ್ತ, ಒಂದು ದಿನ ಡಾಕ್ಟರಮ್ಮ ಇನ್ನು ಪಟ್ಟಿ ಬೇಡ ಎಂದರು. ಅಲ್ಲಿ ಈಗ ಬೆಳ್ಳಗಿನ ನುಣುಪು ಚರ್ಮವಿದೆ. ಮುಟ್ಟಿದರೆ ನನ್ನ ಬೆರಳಿಗೆ ಮಾತ್ರ ಗೊತ್ತಾಗುತ್ತದೆ.

ಅಂದು ಮನೆಗೆ ಬಂದವರೇ ಇವರು ಒಂದು ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಬಚ್ಚಲಿಗೆ ಹೋದರು. ನಲ್ಲಿಯ ತಲೆಯ ಮೇಲಿನ ಕೆಂಪು ಬಿಲ್ಲೆ, ನೀಲಿ ಬಿಲ್ಲೆ ಎರಡನ್ನೂ ಎಬ್ಬಿಸಿ ತೆಗೆದು ನನ್ನ ಕೈಗೆ ಕೊಟ್ಟರು.

"ಇದನ್ನು ನೋಡಿಯೇ ಅಲ್ವಾ ನಾನು ಮೋಸ ಹೋದದ್ದು?" ಎಂದರು. "ಇನ್ನು ಬಣ್ಣ ಬೇಡ. ನೀನು ಹೇಳಿದ್ರೆ ಸಾಕು."

ಬಿಲ್ಲೆಗಳನ್ನು ಹಳೆಯ ಬ್ಯಾಟರಿ, ಗುಂಡುಪಿನ್ನು ಹಾಕಿಡುವ ಡಬ್ಬಿಗೆ ಹಾಕಿದೆ. ಬಕೆಟ್ ತುಂಬಿಸಿ ಮೊಣಕೈ ಅದ್ದಿದೆ. ಒಳ್ಳೆಯ ಹದಕ್ಕೆ ಬಂದಿತ್ತು. ಬೇಗ ತೆಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡೆ. ಟವೆಲ್ ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದ ಅವರು ಹೇಗುಂಟು ಎಂದು ಕೇಳಿದರು.

"ಸರಿ ಉಂಟು" ಎಂದೆ. "ಬನ್ನಿ."